ಖಂಬಾಟ್ಕಿ ಘಾಟಿನ್ಯಾಗ ಟ್ರೇಲರ್ ಎಳೀಲಿಕ್ಕೆ ಕ್ರೌನ್-ಪಿನಿಯನ್ (ಆಕ್ಸಲ್‌ನ್ಯಾಗಿನ ದೊಡ್ಡ-ಸಣ್ಣ ಹಲ್ಲುಗಾಲಿ ಜೋಡಿ) ಬದಲಿಸಿದ್ರ ಉಪಯೋಗ ಅದ ಏನು?

ಅದ ರೀ, ಭಾಳ ಅದ. ಪುಣೆ ಹತ್ರದ ಭೋಸರಿಯಿಂದ ಮಷಿನ್ ಹೇರ್ಕೊಂಡು ಸಾತಾರಾ ಕಡೆ ಹೊಂಟ್ರ ಘಾಟ್ ಏರುವಾಗ ಗಾಡಿ ಏದುಸಿರು ಬಿಡ್ತದ ಅಂದ್ರಲ್ಲ, ಈಗ ನಿಮ್ಮ ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 11, ಅಂದ್ರ ರೇಶಿಯೋ 3.73, ಕ್ರೌನ್ ಒಂದು ಸುತ್ತು ಹಾಕ್ಲಿಕ್ಕೆ ಪಿನಿಯನ್ 3.73 ಸುತ್ತು. ಅದರ ಬದಲಿ 41ಕ್ಕ 9ರ ಸೆಟ್ ಹಾಕಿದ್ರ 4.56 ಆಗ್ತದ, ಇಂಜಿನ್ ಮುಟ್ಟದೇ ಪ್ರತಿ ಗೇರಿನ್ಯಾಗೂ ಗಾಲಿಗೆ 22% ಜಾಸ್ತಿ ಎಳೆತ. ಪಿನಿಯನ್ ಒಂದೇ ತರಬ್ಯಾಡ್ರಿ ಮತ್ತ, ಎರಡೂ ಜೋಡಿನೇ ಬೇಕು.

ಪುಕ್ಕಟೆ ಏನಲ್ಲ, ಟಾಪ್ ಗೇರಿನ್ಯಾಗ 1800 ಆರ್‌ಪಿಎಂಗೆ ಹೋಗ್ತಿದ್ದ ಸ್ಪೀಡಿಗೆ ಈಗ 2200 ಬೇಕು, ಖಾಲಿ ಗಾಡಿ ಹೈವೇದಾಗ ಓಡಿಸೋದೇ ಜಾಸ್ತಿ ಇದ್ರ ಡೀಸೆಲ್ ಬಿಲ್ ನೋಡಿ ಬೈಕೋತೀರಿ.

ಫಿಟ್ಟಿಂಗ್ ಮುಖ್ಯ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ ಗುರುತು ನಡುವ ಬಿದ್ದದೋ ಇಲ್ಲೋ ನೋಡಬೇಕು, ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ (ಹಲ್ಲು-ಹಲ್ಲಿನ ನಡುವಿನ ಸಡಿಲ) ಅಳೀಬೇಕು, ಬೇರಿಂಗ್ ಹೊಸಾವು ಹಾಕಿಸ್ರಿ. ಕೈಲೇ ಅಲ್ಲಾಡಿಸಿ "ಬರೋಬರ್ ಅದ" ಅನ್ನೋ ಮಿಸ್ತ್ರಿ ಹತ್ರ ನಾನು ಒಮ್ಮೆ ಬಿಟ್ಟಿದ್ದೆ, ಎರಡೇ ತಿಂಗಳಿಗೆ ಹಿಂದಿಂದ ಗುಂಯ್ ಅಂತ ಶುರುವಾತು, ಮತ್ತ ಎಲ್ಲಾ ಬಿಚ್ಚಿಸ್ದೆ.

ಫೋರ್ ವೀಲ್ ಡ್ರೈವ್ ಇದ್ರ ಮುಂದಿನ ಆಕ್ಸಲ್‌ಗೂ ಅದೇ ರೇಶಿಯೋ ಹಾಕಿಸ್ಲೇಬೇಕು. ಎಳೆತ ಏರಿದ್ರೂ ಗಾಡಿಗೆ ಕೊಟ್ಟ ಲೋಡ್ ಮಿತಿ ಏರೂದಿಲ್ಲ, ಬ್ರೇಕು, ಚಾಸಿ ಹಳೇವೇ ಅಲ್ಲಾ. ಮತ್ತ ಸ್ಪೀಡೋ ಕೇಬಲ್ ಗೇರ್‌ಬಾಕ್ಸಿನಿಂದ ಬರ್ತಿದ್ರ 60ರಾಗ ಹೊಂಟಾಗ 73 ತೋರಿಸ್ತದ, ಗಾಬರಿ ಆಗಬ್ಯಾಡ್ರಿ.