ಗ್ಲೋವ್ ಬಾಕ್ಸ್ ಬಾಗಿಲು ಜೋತುಬಿದ್ದಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಪ್ರಶ್ನೆ: ನಮ್ಮದು ಹನ್ನೊಂದು ವರ್ಷ ಹಳೆಯ ಸಣ್ಣ ಕಾರು. ಹೋದ ವಾರ ಗ್ಲೋವ್ ಬಾಕ್ಸ್ ತೆರೆದಾಗ ಬಾಗಿಲು ಒಂದು ಕಡೆ ಜೋತುಬಿತ್ತು. ನೋಡಿದರೆ ಕೆಳಗಡೆ ಎಡಗಡೆಯ ಹಿಂಜ್ ಪಿನ್ ಮುರಿದಿದೆ. ಫೆವಿಕ್ವಿಕ್ ಹಾಕಿ ಅಂಟಿಸಿದೆ, ಎರಡೇ ದಿನಕ್ಕೆ ಕಿತ್ತು ಬಂತು. ಮುರಿದ ತುಂಡು ಇನ್ನೂ ಇದೆ. ಮೆಕ್ಯಾನಿಕ್ 'ಪೂರ್ತಿ ಬಾಕ್ಸೇ ಬದಲಿಸಬೇಕು ಸಾರ್' ಅನ್ನುತ್ತಾರೆ. ತಿಂಗಳ ಹಿಂದೆ ವಿಡಿಯೊ ನೋಡಿಕೊಂಡು ನಾನೇ ಎಸಿ ಫಿಲ್ಟರ್ ಹಾಕಿದ್ದೆ, ಆಗ ಸರಿಯಾಗೇ ಇತ್ತು. ಏನು ಮಾಡಲಿ?
— ಮಂಡ್ಯದ ಓದುಗರು

ಉತ್ತರ: ಆಗ ಸರಿಯಾಗೇ ಇತ್ತು ಅಂದಿರಲ್ಲ, ನನಗೆ ಅಲ್ಲೇ ಅನುಮಾನ. ಬಹಳಷ್ಟು ಕಾರುಗಳಲ್ಲಿ ಎಸಿ ಫಿಲ್ಟರ್ ಇರುವುದೇ ಗ್ಲೋವ್ ಬಾಕ್ಸ್ ಹಿಂದೆ. ಅದನ್ನು ತೆಗೆಯುವಾಗ ಬಾಗಿಲನ್ನು ಸ್ವಲ್ಪ ಓರೆಯಾಗಿ ಎಳೆದರೂ ಸಾಕು, ಪಿನ್ ಬುಡದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಅವತ್ತು ಗೊತ್ತಾಗುವುದಿಲ್ಲ. ಆಮೇಲೆ ಒಂದು ದಿನ ನೀರಿನ ಬಾಟಲಿಯ ಭಾರಕ್ಕೋ, ಮಕ್ಕಳ ಕೈಗೋ ಟಪ್ ಅನ್ನುತ್ತದೆ. ನನ್ನ ಬೆಂಚಿಗೆ ಬರುವ ಬಾಗಿಲುಗಳಲ್ಲಿ ಈ ಕಥೆಯೇ ಜಾಸ್ತಿ. ಬೇಜಾರು ಮಾಡ್ಕೋಬೇಡಿ, ಕೈ ಪಳಗಿದವರೂ ಮುರಿಯುತ್ತಾರೆ.

ಮುರಿದ ತುಂಡು ಎಸೆಯದೆ ಇಟ್ಟಿದ್ದೀರಲ್ಲ, ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಬಾಗಿಲನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ತನ್ನಿ. ಒಳಗಿನ ಸಾಮಾನು ಖಾಲಿ ಮಾಡಿ. ಪಕ್ಕದಲ್ಲಿ ಡ್ಯಾಂಪರ್ ದಾರ (ಬಾಗಿಲು ದಡಕ್ಕನೆ ಬೀಳದಂತೆ ಹಿಡಿಯುವ ದಾರ) ಇದ್ದರೆ ಅದರ ಕೊಕ್ಕೆ ಬಿಡಿಸಿ. ಬಾಕ್ಸಿನ ಎರಡೂ ಪಕ್ಕದ ಗೋಡೆಗಳನ್ನು ಒಳಕ್ಕೆ ಒತ್ತಿದರೆ ತಡೆಗಳು ದಾಟಿ ಬಾಗಿಲು ಕೆಳಕ್ಕೆ ಇಳಿಯುತ್ತದೆ. ಮುರಿಯದೆ ಉಳಿದ ಪಿನ್ ಅನ್ನು ನೇರವಾಗಿ, ನಿಧಾನವಾಗಿ ಬಿಡಿಸಿ. ಕೆಲವು ಕಾರುಗಳಲ್ಲಿ ಕೆಳಗೆ ಸ್ಕ್ರೂ ಇರುತ್ತದೆ, ಬಗ್ಗಿ ನೋಡಿಕೊಳ್ಳಿ. ಕಾರಿನಲ್ಲಿ ಕೂತೇ ಡ್ರಿಲ್ ಮಾಡೋಣ ಅನ್ನುವ ಆಸೆ ಬೇಡ. ಮುಂದಿನ ಸೀಟಿನವರಿಗೆ ಏರ್‌ಬ್ಯಾಗ್ ಇದ್ದರೆ ಅದು ಇರುವುದು ಗ್ಲೋವ್ ಬಾಕ್ಸಿನ ಮೇಲ್ಗಡೆಯೇ. ಹಳದಿ ಬಣ್ಣದ ಕನೆಕ್ಟರ್ ಅಥವಾ ವೈರು ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ.

ಬಾಗಿಲಿನ ಒಳಮೈಯಲ್ಲಿ ಟಾರ್ಚ್ ಬಿಟ್ಟು ಹುಡುಕಿ. ಎರಡು ಬಾಣದ ಗುರುತುಗಳ ನಡುವೆ ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ 'ಪಿಪಿ' ಅಥವಾ 'ಎಬಿಎಸ್', ಎರಡೂ ಪ್ಲಾಸ್ಟಿಕ್ಕಿನ ಬಗೆಗಳ ಹೆಸರು. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಹೆಚ್ಚುಕಮ್ಮಿ ನಿಮ್ಮ ಅಡುಗೆಮನೆ ಡಬ್ಬಿಯ ಜಾತಿ. ಇದರ ಮೈಗೆ ಯಾವ ಅಂಟೂ ಸುಲಭವಾಗಿ ಹತ್ತುವುದಿಲ್ಲ. ನಿಮ್ಮ ಫೆವಿಕ್ವಿಕ್ ಎರಡೇ ದಿನಕ್ಕೆ ಬಿಟ್ಟಿದೆ, ಹಾಗಾಗಿ ನಿಮ್ಮದು ಪಿಪಿಯೇ ಇರಬೇಕು ಅನ್ನುವುದು ನನ್ನ ಊಹೆ. ತುಂಡನ್ನು ನೀರಿಗೆ ಹಾಕಿ, ತೇಲಿದರೆ ಪಿಪಿ ಅಂತ ಕೆಲವರು ಹೇಳುತ್ತಾರೆ. ಅದನ್ನೇ ನಂಬಿ ಕೂರಬೇಡಿ. ಕಾರಿನ ಪ್ಲಾಸ್ಟಿಕ್‌ಗೆ ಟಾಲ್ಕ್ ಪುಡಿ ಬೆರೆಸಿದ್ದರೆ ಪಿಪಿ ಕೂಡ ಮುಳುಗಬಹುದು. ಅಚ್ಚಿನ ಅಕ್ಷರವೇ ಖಾತ್ರಿ.

ಎಬಿಎಸ್ ಆಗಿದ್ದರೆ ನಿಮ್ಮ ಅದೃಷ್ಟ. ಅಸಿಟೋನಿನಲ್ಲಿ (ಬೇಗ ಬೆಂಕಿ ಹತ್ತುವ ದ್ರಾವಕ) ಎಬಿಎಸ್ ಚೂರು ಕರಗಿಸಿ ಗಂಜಿಯ ಹದಕ್ಕೆ ತಂದು ಹಚ್ಚಿದರೆ ಎರಡೂ ಕಡೆ ಬೆರೆತು ಒಂದಾಗುತ್ತದೆ. ಮಕ್ಕಳ ಲೆಗೋ ಇಟ್ಟಿಗೆಯೂ ಎಬಿಎಸ್ಸೇ. ಮಗುವನ್ನು ಕೇಳಿ ತಗೊಳ್ಳಿ! ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಮಾಡಬೇಡಿ.

ಪಿಪಿ ಆದರೆ ಅಂಟಿನ ಮೇಲೆ ಭಾರ ಹಾಕಬಾರದು, ಲೋಹದ ಮೇಲೆ ಹಾಕಬೇಕು. ಮೂಳೆ ಮುರಿದಾಗ ಡಾಕ್ಟರು ರಾಡ್ ಹಾಕುತ್ತಾರಲ್ಲ, ಅದೇ ಉಪಾಯ. ರಾಡ್‌ಗೆ ನಾನು ಬಳಸುವುದು ಹಳೆಯ ಸೈಕಲ್ ಸ್ಪೋಕ್. ಸುಮಾರು 2 ಮಿ.ಮೀ. ದಪ್ಪ, ಗಟ್ಟಿ ತಂತಿ. ಸೈಕಲ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ.

ಮೊದಲು ಹಳೆಯ ಫೆವಿಕ್ವಿಕ್ ಅನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಮುರಿದ ಮುಖಗಳು ಒಂದಕ್ಕೊಂದು ಸರಿಯಾಗಿ ಕೂರಬೇಕು. ಆಮೇಲೆ ಮುರಿದ ಪಿನ್ನಿನ ನಡುಮಧ್ಯೆ 2 ಮಿ.ಮೀ. ಬಿಟ್‌ನಲ್ಲಿ ತೂತು ಮಾಡಿ. ಮಷಿನ್ ನಿಧಾನ ಓಡಲಿ. ಜೋರಾದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ. ಈಗ ಬಾಗಿಲಿನ ಕಡೆ ಎಲ್ಲಿ ಕೊರೆಯಬೇಕು? ತೂತಿನ ಅಂಚಿಗೆ ಒದ್ದೆ ಕುಂಕುಮ ಹಚ್ಚಿ, ತುಂಡನ್ನು ಅದರ ಜಾಗದಲ್ಲಿ ಒತ್ತಿ ತೆಗೆಯಿರಿ. ಬಾಗಿಲಿನ ಮೇಲೆ ಸಣ್ಣ ಕೆಂಪು ಉಂಗುರ ಬೀಳುತ್ತದೆ. ಅದರ ಮಧ್ಯೆ ಕೊರೆಯಿರಿ. ಇದು ನನ್ನ ಮನೆಯವಳು ಹೇಳಿಕೊಟ್ಟಿದ್ದು. ನಾನು ಅದುವರೆಗೆ ಅಂದಾಜಿನಲ್ಲಿ ಕೊರೆದು ಎಷ್ಟೋ ಬಾಗಿಲು ಸೊಟ್ಟ ಮಾಡಿದ್ದೆ.

ಪಿನ್ ಕೂರುವ ಆ ಕಿವಿಯಂಥ ಭಾಗ ತೆಳ್ಳಗಿರುತ್ತದೆ, ತೂತು ಆಚೆ ಬರುತ್ತದೆ. ಬರಲಿ, ಅದೇ ಬೇಕು. ಸ್ಪೋಕನ್ನು ಆಚೆಯಿಂದ ಪಿನ್ನಿನ ತೂತಿನೊಳಕ್ಕೆ ತೂರಿಸಿ, ಒಳಗಡೆ ಸುಮಾರು 10 ಮಿ.ಮೀ. ಉಳಿಸಿ ಅದನ್ನು 'ಎಲ್' ಆಕಾರಕ್ಕೆ ಬಗ್ಗಿಸಿ. ಆ ಕಾಲು ಒಳಮೈಗೆ ಅಂಟಿಕೊಂಡು ಮಲಗಬೇಕು. ಕಾಲು ಮಲಗುವ ಜಾಗದ ಸುತ್ತ ಮೂರು ನಾಲ್ಕು ಸಣ್ಣ ತೂತು ಹಾಕಿ, ಸ್ಯಾಂಡ್‌ಪೇಪರ್‌ನಲ್ಲಿ ಒರಟು ಮಾಡಿ. ಸ್ಪೋಕಿನ ಮೈಯನ್ನೂ ಅರದಿಂದ ಗೀಚಿ. ಪಿನ್, ಸ್ಪೋಕ್, ಕಾಲು ಎಲ್ಲಕ್ಕೂ ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ ಹಚ್ಚಿ. ಆ ತೂತುಗಳಿಗೆ ಅಂಟು ಇಳಿದು ಗಟ್ಟಿಯಾದರೆ ಗುಬುಟು ಹಾಕಿದ ಹಾಗೆ ಹಿಡಿಯುತ್ತದೆ. ಪಿನ್ನಿನ ಹೊರಮೈಗೆ ಹರಿದ ಅಂಟನ್ನು ಮಾತ್ರ ಆಗಲೇ ಒರೆಸಿಬಿಡಿ. ಒಣಗಿದರೆ ಬಾಗಿಲು ತಿರುಗುವಾಗ ಬಿಗಿಯುತ್ತದೆ. 24 ಗಂಟೆ ಮುಟ್ಟಬೇಡಿ. ಸಂಜೆ ಹಚ್ಚಿ ಬೆಳಿಗ್ಗೆ ಎಳೆದು ನೋಡುವ ಚಪಲ ನನಗೂ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ಗ್ಲೂ ಗನ್ನಿನ ಬಿಸಿ ಅಂಟು ಮಾತ್ರ ಬೇಡ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿ, ಆ ಕಾವಿಗೆ ಅದು ಮೆತ್ತಗಾಗುತ್ತದೆ.

ಬಾಗಿಲು ವಾಪಸ್ ಹಾಕುವ ಮೊದಲು ಬಲಗಡೆಯ ಪಿನ್ ಬುಡವನ್ನೂ ನೋಡಿ. ಅಲ್ಲಿ ಬಿಳಿ ಗೆರೆ ಕಂಡರೆ ಅದೂ ಹೋಗುವ ಹಾದಿಯಲ್ಲಿದೆ. ಅದಕ್ಕೂ ಈಗಲೇ ಸ್ಪೋಕ್ ಹಾಕಿಬಿಡಿ, ಮುರಿಯದ ಪಿನ್ನಿಗೆ ಹಾಕುವುದು ಇನ್ನೂ ಸುಲಭ.

ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳಿಲ್ಲ, ಬಿಡಿಭಾಗದ ಅಂಗಡಿಯಲ್ಲಿ ಪಿನ್ ಒಂದೇ ಸಿಗುವುದಿಲ್ಲ. ಬಾಗಿಲಿನ ಕಿವಿಯೇ ಹರಿದಿದ್ದರೆ ನಾನೂ ಬದಲಿಸಿ ಅನ್ನುತ್ತಿದ್ದೆ. ಹಾಗಾದರೆ ಹೊಸದಕ್ಕಿಂತ ಮೊದಲು ಗುಜರಿಯಲ್ಲಿ ವಿಚಾರಿಸಿ. ಬೆಂಗಳೂರಿಗೆ ಬಂದಾಗ ಶಿವಾಜಿನಗರದ ಕಡೆ ಒಂದು ಸುತ್ತು ಹಾಕಿದರೂ ಆಯ್ತು. ಹಳೆಯ ಬಾಗಿಲನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಒಂದೇ ಹೆಸರಿನ ಕಾರಾದರೂ ಮಾಡೆಲ್ ವರ್ಷ ಬದಲಾದರೆ ಹಿಂಜ್ ಬೇರೆ ಇರಬಹುದು.

ಪ್ರಶ್ನೆ: ನಮ್ಮ ಕಾರಿನ ಗ್ಲೋವ್ ಬಾಕ್ಸ್ ಮುರಿದಿಲ್ಲ, ಆದರೆ ರಸ್ತೆ ಕೆಟ್ಟಿದ್ದರೆ ಕಟಕಟ ಅನ್ನುತ್ತದೆ. ಹಿಂಜ್ ಸಡಿಲವಾಗಿದೆಯಾ?
— ಸಾಗರದ ಓದುಗರು

ಉತ್ತರ: ಮೊದಲು ಒಳಗಿರುವುದನ್ನೆಲ್ಲ ತೆಗೆದು ಅದೇ ರಸ್ತೆಯಲ್ಲಿ ಒಂದು ಸಲ ಓಡಿಸಿ. ಟಾರ್ಚು, ಸೆಂಟ್ ಬಾಟಲಿ, ಚಿಲ್ಲರೆ ನಾಣ್ಯ ಇವೇ ಸದ್ದು ಮಾಡುತ್ತಿರಬಹುದು. ಆಗಲೂ ಕಟಕಟ ಅಂದರೆ ಬಾಗಿಲು ಬಡಿಯುವ ಜಾಗದಲ್ಲಿ ಎರಡು ರಬ್ಬರ್ ಗುಂಡಿಗಳಿವೆಯಾ ನೋಡಿ. ಒಂದು ಬಿದ್ದುಹೋಗಿರುತ್ತದೆ, ಇಲ್ಲ ಸವೆದಿರುತ್ತದೆ. ಆ ಜಾಗಕ್ಕೆ ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟ್ ಚೂರು ಹಾಕಿ. ಬಾಗಿಲು ಹಾಕಲು ಬಲ ಬೇಕಾಯಿತು ಅಂದರೆ ದಪ್ಪ ಜಾಸ್ತಿಯಾಗಿದೆ, ತೆಳ್ಳನೆಯದು ಹಾಕಿ. ಇಲ್ಲದಿದ್ದರೆ ಚಿಲಕ ಕೈಗೆ ಬರುತ್ತದೆ.