ಹೆದರೋ, ಮೊಂಡು ಹಿಡಿಯೋ ಕುದುರೆನ ಟ್ರೈನರ್ ಇಲ್ಲದೆ ಒಬ್ಬಳೇ ಪಳಗಿಸಬಹುದಾ?

ನಿಮ್ಮ ಏಳು ವರ್ಷದ ಹೆಣ್ಣುಕುದುರೆ ಗೇಟ್ ಹತ್ರ ಕಂಬದ ಥರ ನಿಂತ್ಕೊಳ್ಳುತ್ತೆ, ಹಿಮ್ಮಡಿ ಕೊಟ್ರೆ ಹಿಂದಕ್ಕೆ ಹೋಗುತ್ತೆ, ಪ್ಲಾಸ್ಟಿಕ್ ಕವರ್ ಹಾರಿದ್ರೆ ಪಕ್ಕಕ್ಕೆ ಜಿಗಿಯುತ್ತೆ, ಸ್ಟ್ರಾಂಗ್ ಆಗಿರೋ ಕಡಿವಾಣ ತರ್ಲಾ ಅಂತ ಕೇಳಿದ್ದೀರಲ್ಲ, ಓದಿ ನನಗೆ ನನ್ನವಳೇ ನೆನಪಾದ್ಲು. ನಾನೂ ಒಬ್ಬಳೇ, ಟ್ರೈನರ್ ಸಿಗಲಿಲ್ಲ. ಪಳಗಿಸಬಹುದು, ಆದ್ರೆ ನಾನು ಶುರು ಮಾಡಿದ ಹಾಗೆ ಮಾತ್ರ ಮಾಡಬೇಡಿ. ಮೊದಲ ನಾಲ್ಕು ತಿಂಗಳು ಅವಳಿಗೆ ಮೊಂಡುತನ ಕಲಿಸಿದ್ದೇ ನಾನು.

ಅದು ಹೇಗೆ ಅಂದ್ರೆ, ಸವಾರಿ ಮಾಡೋ ಜಾಗದ ಮೂಲೇಲಿ ಒಂದು ನೀಲಿ ಡ್ರಮ್ ಇತ್ತು. ಹತ್ರ ಹೋಗ್ತಿದ್ದ ಹಾಗೆ ತಲೆ ಮೇಲೆತ್ತಿ, ಹೊಳ್ಳೆ ಅಗಲಿಸಿ, ಬುಸ್ ಅಂತ ಉಸಿರು ಬಿಟ್ಟು ನಿಂತುಬಿಡೋಳು, ನಾನು ಕಾಲಲ್ಲಿ ಒತ್ತೋದು, ಇನ್ನೂ ಒತ್ತೋದು, ಅವಳು ಗಿರಕ್ಕನೆ ಎಡಕ್ಕೆ ತಿರುಗೋದು, ನಾನು ಬೀಳೋ ಹಾಗಾಗಿ ಕುತ್ತಿಗೆ ಕೂದಲು ಹಿಡ್ಕೊಂಡು ಕಾಲು ಸಡಿಲ ಬಿಡೋದು. ಅವಳ ಲೆಕ್ಕ ಸರಿಯಾಗೇ ಇತ್ತು ನೋಡಿ: ಎಡಕ್ಕೆ ತಿರುಗಿದೆ, ಒತ್ತಡ ಹೋಯ್ತು, ಹಾಗಾದ್ರೆ ಇವಳು ಕೇಳ್ತಿರೋದು ಇದನ್ನೇ. ಕಾಲು ಒತ್ತೋದು, ಲಗಾಮು ಎಳೆಯೋದು ಎಲ್ಲ ಬರೀ ಕೇಳಿದ ಹಾಗೆ, ಕುದುರೆ ಕಲಿಯೋದು ಆ ಒತ್ತಡ ಬಿಟ್ಟ ಕ್ಷಣದಲ್ಲಿ. ಒಂದು ಸೆಕೆಂಡ್ ತಡ ಆದ್ರೂ ಅದು ಬೇರೆ ಯಾವುದಕ್ಕೋ ಉತ್ತರ ಅಂದ್ಕೊಳ್ಳುತ್ತೆ. ಇದು ತಲೆಗೆ ಹೋದ ಮೇಲೆ ನಾನು ಡ್ರಮ್ ಹತ್ರ ಹೋಗೋದನ್ನೇ ಬಿಟ್ಟೆ. ಅವಳು ನಿಲ್ಲೋದು ಸುಮಾರು ಹತ್ತು ಹೆಜ್ಜೆ ದೂರದಲ್ಲಿ ಅಂತ ಗೊತ್ತಿತ್ತಲ್ಲ, ಹನ್ನೆರಡು ಹೆಜ್ಜೆ ದೂರದಲ್ಲೇ ನಾನಾಗೇ ನಿಲ್ಲಿಸ್ತಿದ್ದೆ, ಇನ್ನೂ ಹೆದರಿಕೆ ಶುರು ಆಗೋ ಮುಂಚೆ. ಒಂದು ಕಿವಿ ನನ್ನ ಕಡೆ ತಿರುಗಿ, ತಲೆ ಸ್ವಲ್ಪ ಕೆಳಗೆ ಬರೋವರೆಗೂ ಸುಮ್ನೆ ಕೂರೋದು, ಆಮೇಲೆ ಒಂದೇ ಒಂದು ಹೆಜ್ಜೆ ಕೇಳೋದು, ಅವಳು ಕಾಲು ಎತ್ತಿದ ತಕ್ಷಣ ನನ್ನ ಕಾಲು ಸಡಿಲ. ಮೊದಲ ದಿನ ಮೂರು ಹೆಜ್ಜೆಗೇ ಇಳಿದು ಜೀನು ಬಿಚ್ಚಿದೆ. ನೋಡೋರಿಗೆ ತಮಾಷೆ ಅನ್ಸುತ್ತೆ, ಅನ್ಸಲಿ.

ಇದಕ್ಕಿಂತ ಮುಂಚೆ ನೋವು ಇದೆಯಾ ನೋಡಿಸಿ, ಇದನ್ನ ಸ್ಕಿಪ್ ಮಾಡಲೇಬೇಡಿ. ಹಲ್ಲಿನ ಅಂಚು ಚೂಪಾಗಿ ಕೆನ್ನೆ ಒಳಗೆ ಗಾಯ ಆಗಿರಬಹುದು, ಜೀನು ಬೆನ್ನಿಗೆ ಚುಚ್ಚುತ್ತಿರಬಹುದು, ಗೊರಸು ನೋಯ್ತಿರಬಹುದು, ಹೊಟ್ಟೇಲಿ ಹುಣ್ಣಿರಬಹುದು. ಕುದುರೆ ಹೊಟ್ಟೇಲಿ ಆಸಿಡ್ ಇಪ್ಪತ್ನಾಲ್ಕು ಗಂಟೆನೂ ಬರ್ತಾನೇ ಇರುತ್ತೆ, ತಿಂದಾಗ ಮಾತ್ರ ಅಲ್ಲ, ಅದಕ್ಕೇ ಖಾಲಿ ಹೊಟ್ಟೇಲಿ ಸವಾರಿ ಬೇಡ, ಮುಂಚೆ ಸ್ವಲ್ಪ ಒಣಹುಲ್ಲು ಹಾಕಿ. ಜೀನಿನ ಪಟ್ಟಿ ಬಿಗಿಯೋವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ಬರುತ್ತಾ? ಹಾಗಿದ್ರೆ ಮೊದಲು ಡಾಕ್ಟರ್, ಆಮೇಲೆ ಟ್ರೈನಿಂಗ್.

ಹೆದರಿಕೆ ವಿಷಯಕ್ಕೆ ಬಂದ್ರೆ, ಕುದುರೆ ಕಣ್ಣು ತಲೆಯ ಪಕ್ಕಗಳಲ್ಲಿರೋದ್ರಿಂದ ಸುತ್ತ ಹತ್ತಿರ ಹತ್ತಿರ 350 ಡಿಗ್ರಿ ಕಾಣುತ್ತೆ, ಹಣೆ ಮುಂದೆ ಸ್ವಲ್ಪ ಜಾಗ, ಬಾಲದ ಹಿಂದೆ ಸ್ವಲ್ಪ ಜಾಗ ಬಿಟ್ಟು. ಎರಡೂ ಕಣ್ಣು ಸೇರಿ ನೋಡೋ ಜಾಗ ಮಾತ್ರ ಕಮ್ಮಿ, ಅದಕ್ಕೆ ಏನಾದ್ರೂ ಕಂಡ್ರೆ ತಲೆ ಎತ್ತಿ ತಿರುಗಿಸಿ ನೋಡಬೇಕು. ನಾವು ಆಗಲೇ ಲಗಾಮು ಗಟ್ಟಿ ಹಿಡಿದು ತಲೆ ತಿರುಗಿಸೋಕೆ ಬಿಡದಿದ್ರೆ ಪಾಪ ಅದೇನು ಮಾಡುತ್ತೆ, ಓಡುತ್ತೆ. ಇನ್ನೊಂದು, ಎಡಗಡೆಯಿಂದ ಡ್ರಮ್ ದಾಟಿದವಳು ವಾಪಸ್ ಬರೋವಾಗ, ಅಂದ್ರೆ ಅದು ಇನ್ನೊಂದು ಕಣ್ಣಿಗೆ ಬಿದ್ದಾಗ, ಅದೇ ಡ್ರಮ್‌ಗೆ ಮತ್ತೆ ಬೆಚ್ಚಿದ್ಲು. ನಾಟಕ ಅಂದ್ಕೊಂಡಿದ್ದೆ, ಆಮೇಲೆ ಪ್ರತಿಯೊಂದನ್ನೂ ಎರಡೂ ಕಡೆಯಿಂದ ತೋರಿಸೋದು ರೂಢಿ ಆಯ್ತು.

ನಿಮ್ಮ ಹೆದರಿಕೆನೂ ಲೆಕ್ಕಕ್ಕಿದೆ. ಸ್ವೀಡನ್‌ನಲ್ಲಿ 2009ರಲ್ಲಿ ಪ್ರಕಟವಾದ ಒಂದು ಸ್ಟಡೀಲಿ, ಇನ್ನೇನು ಛತ್ರಿ ತೆರೀತಾರೆ ಅಂತ ಸವಾರರಿಗೆ ಹೇಳಿ ಕುದುರೆ ನಡೆಸೋಕೆ ಬಿಟ್ರು. ಛತ್ರಿ ತೆರೆಯಲೇ ಇಲ್ಲ, ಆದ್ರೂ ಮನುಷ್ಯರ ಹಾರ್ಟ್ ರೇಟ್ ಜೊತೆ ಕುದುರೆಗಳದ್ದೂ ಏರಿತ್ತು. ನಾನು ಡ್ರಮ್ ಕಂಡ ತಕ್ಷಣ ಉಸಿರು ಹಿಡಿತಿದ್ದೆ ಅಂತ ನನಗೆ ಗೊತ್ತಾಗಿದ್ದೇ ಫೋನಲ್ಲಿ ವಿಡಿಯೋ ಮಾಡ್ಕೊಂಡು ನೋಡಿದಾಗ. ಈಗ ಆ ಜಾಗ ಬಂದ್ರೆ ಜೋರಾಗಿ ಮಗ್ಗಿ ಹೇಳ್ತೀನಿ, ಹೇಳ್ತಾ ಇದ್ರೆ ಉಸಿರು ಹಿಡಿಯೋಕಾಗಲ್ಲ. ಶಭಾಶ್ ಅಂತ ಕುತ್ತಿಗೆ ತಟ್ಟೋ ಬದಲು ಕುತ್ತಿಗೆ ಬೆನ್ನಿಗೆ ಸೇರೋ ಜಾಗ ಕೆರೀರಿ, ಕುದುರೆಗಳು ಒಂದಕ್ಕೊಂದು ಕೆರ್ಕೊಳ್ಳೋದೂ ಅಲ್ಲೇ, ಹಾರ್ಟ್ ರೇಟ್ ಇಳಿಯುತ್ತೆ.

ಗೇಟ್ ಸಮಸ್ಯೆನ ಜೀನಿನ ಮೇಲಿಂದ ಬಗೆಹರಿಸೋಕೆ ಹೋಗಬೇಡಿ. ಎರಡು ವಾರ ಹಗ್ಗ ಹಿಡಿದು ನಡೆದುಕೊಂಡೇ ಹೋಗಿ, ನಿಲ್ಲಿ ಅಂದ್ರೆ ನಿಲ್ಲೋದು, ಎರಡು ಹೆಜ್ಜೆ ಹಿಂದೆ, ಹಿಂಗಾಲು ಪಕ್ಕಕ್ಕೆ ದಾಟಿಸೋದು (ಒಂದು ಹಿಂಗಾಲು ಇನ್ನೊಂದರ ಮುಂದಿಂದ ಪಕ್ಕಕ್ಕೆ ಇಡಿಸೋದು), ಇಷ್ಟು ಕೆಳಗಿಂದಲೇ ಬರಲಿ. ಆ ಹಿಂಗಾಲು ದಾಟಿಸೋದೇ ಆಮೇಲೆ ನಿಮ್ಮ ಬ್ರೇಕ್ ಆಗೋದು: ಮೇಲೆ ಕೂತಾಗ ಒಂದೇ ಲಗಾಮಿನಿಂದ ತಲೆನ ನಿಧಾನಕ್ಕೆ ಪಕ್ಕಕ್ಕೆ ತಂದ್ರೆ ಹಿಂಗಾಲು ದಾಟಿ ನೇರ ಓಡೋ ಬಲ ಹೋಗುತ್ತೆ. ನಿಂತ ಕುದುರೇಲಿ, ನಡಿಗೇಲಿ ನೂರು ಸಲ ಪ್ರಾಕ್ಟೀಸ್ ಮಾಡಿ, ಜೋರಾಗಿ ಓಡೋವಾಗ ಮೊದಲ ಸಲ ಟ್ರೈ ಮಾಡಿದ್ರೆ ಕುದುರೆ ಎಡವಿ ಇಬ್ಬರೂ ಬೀಳ್ತೀರ.

ಒಬ್ಬಳೇ ಅಂದ್ರೆ ಹೆಲ್ಮೆಟ್ ಬೇಕೇ ಬೇಕು, ಫೋನ್ ಮೈ ಮೇಲೆ ಇರಲಿ, ಜೀನಿನ ಬ್ಯಾಗಲ್ಲಿಟ್ರೆ ನೀವು ಬಿದ್ದಾಗ ಅದು ಕುದುರೆ ಜೊತೆ ಹೋಗಿರುತ್ತೆ (ಅನುಭವ). ಎಷ್ಟು ಗಂಟೆಗೆ ಇಳೀತೀನಿ ಅಂತ ಯಾರಿಗಾದ್ರೂ ಮೆಸೇಜ್ ಮಾಡಿ. ಇಪ್ಪತ್ತು ನಿಮಿಷ ಸಾಕು. ಮುಂಗಾಲು ಎತ್ತಿ ನೇರ ನಿಲ್ಲೋಕೆ ಶುರು ಮಾಡಿದ್ರೆ ಮಾತ್ರ ಒಬ್ಬರೇ ಮುಂದುವರಿಸಬೇಡಿ, ಹಿಂದಕ್ಕೆ ಮಗುಚಿ ನಿಮ್ಮ ಮೇಲೆ ಬಿದ್ರೆ ಸುಮಾರು 450 ಕೆಜಿ ಅದು.

ಕಡಿವಾಣಕ್ಕೆ ದುಡ್ಡು ಹಾಕಬೇಡಿ. ಹಿಂದಕ್ಕೆ ಹೋಗೋ ಕುದುರೆ ಬಾಯಿಗೆ ಇನ್ನೂ ನೋವು ಕೊಟ್ರೆ ಇನ್ನೂ ಹಿಂದಕ್ಕೇ ಹೋಗುತ್ತೆ. ಆ ದುಡ್ಡಲ್ಲಿ ಹಲ್ಲು ತೋರಿಸಿ, ಡಾಕ್ಟರ್ ಏನಂದ್ರು ಅಂತ ಇಲ್ಲೇ ಬರೀರಿ.