‘ಮಾಲೀಕ’ ಮತ್ತು ‘ಮೆಲೆಖ್’: ಒಂದೇ ಧಾತುವಿನ ಪದಗಳು

ಕನ್ನಡದ ‘ಮಾಲೀಕ’ ಪದಕ್ಕೂ ‘ಅರಸ’ ಎಂಬರ್ಥದ ಹೀಬ್ರೂ ‘ಮೆಲೆಖ್’ ಪದಕ್ಕೂ ನಂಟಿದೆಯೇ ಎಂದು ತಾವು ಕೇಳಿದ್ದೀರಿ. ಖಂಡಿತ ಇದೆ. ಎರಡೂ ಮ್-ಲ್-ಕ್ ಎಂಬ ಮೂರು ವ್ಯಂಜನಗಳ ಸೆಮಿಟಿಕ್ (ಅರಬ್ಬಿ, ಹೀಬ್ರೂ ಮೊದಲಾದ ಭಾಷೆಗಳ ಕುಟುಂಬದ) ಧಾತುವಿನಿಂದ ಹುಟ್ಟಿದವು; ಸ್ವರದ ನಂತರದ ಕಕಾರವು ಹೀಬ್ರೂವಿನಲ್ಲಿ ಘರ್ಷಧ್ವನಿಯಾಗುವುದರಿಂದ (ಉಸಿರು ಉಜ್ಜಿಕೊಂಡು ಹೊರಡುವ ಧ್ವನಿಯಾಗುವುದರಿಂದ) ಕೊನೆಯಲ್ಲಿ ‘ಖ್’ ಕೇಳಿಸುತ್ತದೆ.

ಧ್ವನಿಗಿಂತ ಅರ್ಥದ ಪಯಣವೇ ನನಗೆ ಹೆಚ್ಚು ಸೊಗಸಾಗಿ ಕಾಣುತ್ತದೆ. ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯ ‘ಮಲಾಕು’ ಕ್ರಿಯಾಪದಕ್ಕೆ ಸಲಹೆ ನೀಡುವುದೆಂಬ ಅರ್ಥವಿದ್ದು, ಹೀಬ್ರೂ ಬೈಬಲಿನ ನೆಹೆಮೀಯ 5:7ರಲ್ಲಿಯೂ, ಬಹುಶಃ ಇದೇ ಕುಟುಂಬದ ಅರಾಮಿಕ್ ಭಾಷೆಯ ಪ್ರಭಾವದಿಂದ, ಇದೇ ಧಾತು ‘ತನ್ನೊಳಗೆ ಆಲೋಚಿಸಿಕೊಂಡನು’ ಎಂಬರ್ಥದಲ್ಲಿ ಬಂದಿದೆ. ಇಥಿಯೋಪಿಯಾದ ಗೀಎಜ್ ಭಾಷೆಯಲ್ಲಿ ‘ಅಮ್ಲಾಕ್’ ಎಂದರೆ ದೇವರು. ಅರಬ್ಬಿಯಲ್ಲಿ ಒಡೆತನದ ಅರ್ಥ ಬಲವಾಗಿ ಬೆಳೆದು, ಅರಸನಿಗೆ ‘ಮಲಿಕ್’, ಒಡೆಯನಿಗೆ ‘ಮಾಲಿಕ್’ ಎಂಬ ಭೇದ ಕೇವಲ ಸ್ವರದ ಉದ್ದದಿಂದ ಏರ್ಪಟ್ಟಿತು. ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದದ್ದು ಆ ಎರಡನೆಯ ರೂಪ.